ಹನ್ನೊಂದು ನಿಮಿಷ ಒಂದೇ ನಡೆ

ನನಗೆ ಈಗ ಐವತ್ತೊಂಬತ್ತು. ಹನ್ನೆರಡನೇ ವಯಸ್ಸಿನಿಂದ ಮೃದಂಗ ನುಡಿಸುತ್ತಿದ್ದೇನೆ. ದೊಡ್ಡ ಹೆಸರೇನೂ ಮಾಡಲಿಲ್ಲ. ರಾಮನವಮಿ ಪೆಂಡಾಲು, ಗಣೇಶನ ಹಬ್ಬದ ಕಚೇರಿ, ಯಾರದೋ ಮಗಳ ರಂಗಪ್ರವೇಶ, ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬೆಳಗ್ಗೆ ಸಂಜೆ ಪಾಠ, ಇಷ್ಟೇ. ಆದರೆ ನನ್ನ ಕೈ ಶುದ್ಧ ಅಂತ ನಾಲ್ಕು ಜನ ಹೇಳುತ್ತಿದ್ದರು. ಅದನ್ನು ನಾನೂ ನಂಬಿಕೊಂಡಿದ್ದೆ. ಹೋದ ವರ್ಷದವರೆಗೂ ನಂಬಿಕೊಂಡಿದ್ದೆ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಭಾನುವಾರ ನನ್ನ ಹಳೆಯ ಶಿಷ್ಯೆಯೊಬ್ಬಳು ಮನೆಗೆ ಬಂದಳು. ಹದಿನಾರನೇ ವಯಸ್ಸಿನಲ್ಲಿ ಪಾಠ ಬಿಟ್ಟು ಹೋದವಳು, ಈಗ ಮೂವತ್ತನಾಲ್ಕು ದಾಟಿರಬೇಕು. ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಾಳಂತೆ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು, ಗುರುತು ಹತ್ತೋಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಹೆಂಡತಿ ಮಾತ್ರ ಅಡುಗೆಮನೆಯಿಂದ ಇಣುಕಿ ನೋಡಿದವಳೇ, ‘ಅಯ್ಯೋ, ನೀನೇನೇ! ಇನ್ನೂ ಉಗುರು ಕಚ್ತೀಯಾ?’ ಅಂದಳು.

ಕಾಫಿ ಕುಡಿದಾದ ಮೇಲೆ ಹುಡುಗಿ ವಿಷಯಕ್ಕೆ ಬಂದಳು. ‘ಸಾರ್, ನಾವು ಮೂರು ಜನ ಸೇರಿ ಒಂದು ಬ್ಯಾಂಡ್ ಮಾಡಿದೀವಿ. ನಾನು ಕೀಬೋರ್ಡು, ಇನ್ನಿಬ್ರು ಗಿಟಾರು. ನೀವು ಮೃದಂಗ ನುಡಿಸ್ಬೇಕು.’

‘ಫ್ಯೂಶನ್ನಾ?’ ಅಂದೆ. ಅಂಥದ್ದು ಒಂದೆರಡು ಆರತಕ್ಷತೆಗಳಲ್ಲಿ ಮಾಡಿದ್ದೆ. ಡ್ರಮ್ ಸೆಟ್‌ನವನು ಒಂದು ಸುತ್ತು, ನಾನು ಒಂದು ಸುತ್ತು, ಕೊನೆಗೆ ಇಬ್ಬರೂ ಸೇರಿ ಗದ್ದಲ, ಜನರ ಚಪ್ಪಾಳೆ.

‘ಅಲ್ಲ ಸಾರ್. ಫ್ಯೂಶನ್ನಲ್ಲಿ ಎಲ್ರೂ ಒಟ್ಟಿಗೆ ಮಾತಾಡ್ತಾರೆ. ನಮ್ಮದ್ರಲ್ಲಿ ಯಾರೂ ಜಾಸ್ತಿ ಮಾತಾಡಲ್ಲ. ನೀವು ಮೊದ್ಲು ಒಂದು ರೆಕಾರ್ಡು ಕೇಳ್ಬೇಕು. ಫೋನಲ್ಲಿ ಬೇಡ, ಮನೆಗೇ ಬನ್ನಿ.’

ಮುಂದಿನ ವಾರ ನಾವಿಬ್ಬರೂ ರಾಜಾಜಿನಗರದ ಅವಳ ಮನೆಗೆ ಹೋದೆವು. ಹೆಂಡತಿಗೆ ಆ ಕಡೆ ಒಂದು ಸೀರೆಗೆ ಫಾಲ್ ಹಾಕಿಸುವ ಕೆಲಸವಿತ್ತು. ಹುಡುಗಿ ಗೋಡೆಗೆ ಒರಗಿಸಿದ್ದ ರೆಕಾರ್ಡುಗಳಿಂದ ಒಂದನ್ನು ಎಳೆದು, ಅಂಗೈಗಳ ನಡುವೆ ಹಪ್ಪಳ ಹಿಡಿದ ಹಾಗೆ ಹಿಡಿದು, ಪ್ಲೇಯರಿನ ಮೇಲಿಟ್ಟಳು. ಐವತ್ತು ವರ್ಷದ ಹಿಂದೆ ಜರ್ಮನಿಯ ಕೆಲವು ಹುಡುಗರು ಮಾಡಿದ್ದಂತೆ. ಈ ಬಗೆಯ ಸಂಗೀತಕ್ಕೆ ಕ್ರೌಟ್‌ರಾಕ್ ಅನ್ನುತ್ತಾರಂತೆ.

‘ಹಂಗಂದ್ರೇನೇ?’ ಹೆಂಡತಿ ಕೇಳಿದಳು.

‘ಕ್ರೌಟ್ ಅಂದ್ರೆ ಕೋಸು ಆಂಟಿ. ಜರ್ಮನಿಯೋರು ಹುಳಿ ಬರಿಸಿ ತಿಂತಾರಲ್ಲ, ಅದು. ಇಂಗ್ಲಿಷ್‌ನೋರು ಗೇಲಿ ಮಾಡೋಕೆ ಇಟ್ಟ ಹೆಸ್ರು, ಹಂಗೇ ಉಳ್ಕೊಂಡ್ಬಿಡ್ತು.’

‘ಕೋಸಿನ ಸಂಗೀತ,’ ಅಂದಳು ಹೆಂಡತಿ. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಅದೇ ಹೆಸರಾಯಿತು.

ಡ್ರಮ್ಮು ಶುರುವಾಯಿತು. ಅಭ್ಯಾಸಬಲದಿಂದ ನನ್ನ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ನಾಲ್ಕರ ನಡೆ, ಏನೂ ಕಷ್ಟವಿಲ್ಲ. ಒಂದೆರಡು ಆವರ್ತನ ಆಯಿತು, ಇನ್ನೇನು ಏನಾದರೂ ಬರುತ್ತದೆ ಅಂತ ಕಾದೆ. ಬರಲಿಲ್ಲ. ಗಿಟಾರು ಬಂತು, ಅದೂ ಒಂದೇ ಸ್ವರ ಹಿಡಿದು ಕೂತಿತು. ದೂರದಲ್ಲಿ ಯಾರೋ ತಂತಿ ಎಳೆದು ಬಿಟ್ಟ ಹಾಗೆ ಒಂದು ಶಬ್ದ ಏಳುತ್ತಿತ್ತು, ಇಳಿಯುತ್ತಿತ್ತು. ಡ್ರಮ್ಮಿನವನು ಮಾತ್ರ ಅತ್ತ ಇತ್ತ ನೋಡದೆ ಅದೇ ಹೊಡೆತ ಹೊಡೆಯುತ್ತಿದ್ದ. ನಾಲ್ಕು ನಿಮಿಷವಾಗಿರಬೇಕು, ನನಗೆ ಅನುಮಾನ ಬಂತು.

‘ಸೂಜಿ ಸಿಕ್ಕಾಕ್ಕೊಂಡಿದೆಯೇನಮ್ಮ?’

‘ಇಲ್ಲ ಸಾರ್. ಅದು ಹಂಗೇ.’

ಹೆಂಡತಿ ನನ್ನ ಮುಖ ನೋಡದೆ ಸೀರೆಯ ಚೀಲದೊಳಗೆ ಏನೋ ಹುಡುಕಿದಳು. ನಗು ತಡೆಯುವಾಗ ಅವಳು ಹಾಗೇ ಮಾಡುವುದು. ಹನ್ನೊಂದು ನಿಮಿಷಕ್ಕೆ ಒಂದಿಷ್ಟು ಕಡಿಮೆ ಇರುವಾಗ ಆ ಸಂಗೀತ ಮುಗಿಯಲೂ ಇಲ್ಲ, ಬರೀ ದೂರ ಹೋಯಿತು.

‘ಹೇಗಿತ್ತು ಸಾರ್?’

‘ಚೆನ್ನಾಗಿದೆ. ಯಾವಾಗ ಶುರುವಾಗುತ್ತೆ?’

ಹೆಂಡತಿ ತಡೆದುಕೊಂಡಿದ್ದ ನಗುವೆಲ್ಲ ಹೊರಗೆ ಬಂತು. ಹುಡುಗಿಯೂ ನಕ್ಕಳು, ಬೇಸರ ಮಾಡಿಕೊಳ್ಳಲಿಲ್ಲ. ‘ನಮ್ದೂ ಹನ್ನೊಂದು ನಿಮಿಷದ ಒಂದು ಪೀಸ್ ಇದೆ ಸಾರ್. ಆ ಡ್ರಮ್ಮಿನ ಜಾಗದಲ್ಲಿ ನಿಮ್ಮ ಮೃದಂಗ. ಒಂದೇ ನಡೆ. ಏನೂ ಸೇರಿಸೋ ಹಂಗಿಲ್ಲ, ಏನೂ ಬಿಡೋ ಹಂಗಿಲ್ಲ.’

ನಾನು ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಪಾಪ ಅನ್ನಿಸಿತ್ತು. ನನ್ನ ಹತ್ತಿರ ಮೂರು ತಿಂಗಳು ಕಲಿತ ಮಕ್ಕಳೂ ನುಡಿಸಬಹುದಾದದ್ದಕ್ಕೆ ನನ್ನನ್ನು ಕರೆದಿದ್ದಾಳಲ್ಲ ಅಂತ.

ಅವರು ಅಭ್ಯಾಸ ಮಾಡುತ್ತಿದ್ದುದು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಶೆಡ್ಡಿನಲ್ಲಿ. ಹುಡುಗಿಯ ಅಪ್ಪ ಹಿಂದೆ ಅಲ್ಲಿ ವರ್ಕ್‌ಶಾಪ್ ನಡೆಸುತ್ತಿದ್ದರು. ಈಗ ಶೆಡ್ಡಿನ ಮುಕ್ಕಾಲು ಭಾಗ ಬಾಡಿಗೆಗೆ ಕೊಟ್ಟು ಒಂದು ಮೂಲೆ ಮಾತ್ರ ಇಟ್ಟುಕೊಂಡಿದ್ದರು. ಪಕ್ಕದ ಭಾಗದಲ್ಲಿ ಪವರ್ ಪ್ರೆಸ್ ಹಾಕಿ ತಗಡಿನ ಬಿಲ್ಲೆ ಕತ್ತರಿಸುತ್ತಿದ್ದರು. ನಾವು ಸೇರುತ್ತಿದ್ದುದು ಭಾನುವಾರ ಮತ್ತು ವಾರದ ನಡುವೆ ಒಂದು ಮಧ್ಯಾಹ್ನ. ಮೊದಲ ದಿನ ನಾನು ಜಮಖಾನ ಹಾಸಿ, ಮೃದಂಗದ ಎಡಗಡೆಗೆ ನಾದ ತುಂಬಿ ಬರಲೆಂದು ರವೆ ಕಲಸಿ ಹಚ್ಚಿ, ಶ್ರುತಿ ನೋಡಿಕೊಂಡು ಕೂತೆ. ಗಿಟಾರಿನ ಹುಡುಗರಿಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಹಿತವೆನ್ನಿಸಿತು.

ಶುರು ಮಾಡಿದೆವು. ಒಂದು ನಿಮಿಷ ಸರಾಗ. ಎರಡನೇ ನಿಮಿಷದ ಹೊತ್ತಿಗೆ ನನ್ನ ಬಲಗೈ ನನ್ನನ್ನು ಕೇಳದೇ ಒಂದು ಸಣ್ಣ ಮುಕ್ತಾಯ ನುಡಿಸಿಬಿಟ್ಟಿತು. ಮೂರು ಸಲ ಬಂದು ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮಕ್ಕೆ, ಸರಿಯಾಗಿ ಬೀಳುವಂಥದ್ದು, ಕಚೇರಿಯಲ್ಲಾದರೆ ಗಾಯಕರು ತಲೆದೂಗುವಂಥದ್ದು. ಗಿಟಾರುಗಳು ತಡವರಿಸಿ ನಿಂತವು.

‘ಸಾರಿ, ಸಾರಿ,’ ಅಂದೆ. ‘ಇನ್ನೊಂದ್ಸಲ.’

ಇನ್ನೊಂದು ಸಲ ಮೂರನೇ ನಿಮಿಷದಲ್ಲಿ ಬಂತು. ಮತ್ತೊಂದು ಸಲ ಹಲ್ಲು ಕಚ್ಚಿ ಅದನ್ನು ತಡೆದೆ. ಆಗ ಲಯ ಓಡಿತು. ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಅನ್ನುತ್ತಿದ್ದ ಗಡಿಯಾರದಂಥ ಶಬ್ದವನ್ನು ಹಿಂದೆ ಹಾಕಿ ನಾನು ಎಷ್ಟೋ ಮುಂದೆ ಹೋಗಿದ್ದೆ. ಹುಡುಗಿ ಲ್ಯಾಪ್‌ಟಾಪು ನನ್ನ ಕಡೆ ತಿರುಗಿಸಿದಳು. ನನ್ನ ಪೆಟ್ಟುಗಳೆಲ್ಲ ಗೆರೆಗಳಾಗಿ ನಿಂತಿದ್ದವು. ಮೊದಮೊದಲು ಬೇಲಿಯ ಗೂಟಗಳ ಹಾಗೆ ಅಂತರ ಬಿಟ್ಟು, ಬರಬರುತ್ತ ಬಸ್ಸಿಗೆ ನುಗ್ಗುವ ಜನದ ಹಾಗೆ ಒಂದರ ಮೇಲೊಂದು. ನಲವತ್ತೇಳು ವರ್ಷದಲ್ಲಿ ನನ್ನ ಕೈಯನ್ನು ನಾನು ಹಾಗೆ ನೋಡಿರಲಿಲ್ಲ.

‘ಅಭ್ಯಾಸ ಆದ್ರೆ ಬರುತ್ತೆ ಸಾರ್,’ ಅಂದಳು. ಅದು ನಾನು ಶಿಷ್ಯರಿಗೆ ಹೇಳುವ ಮಾತು.

ಮನೆಯಲ್ಲಿ ದಿನಾ ಬೆಳಗ್ಗೆ ಕೂತೆ. ಎಷ್ಟು ನಿಮಿಷಕ್ಕೆ ಕೈ ತಪ್ಪುತ್ತದೆಂದು ಹೆಂಡತಿ ಹುರುಳಿಕಾಯಿ ಸೋಸುತ್ತ ಫೋನಿನಲ್ಲಿ ಟೈಮು ನೋಡುತ್ತಿದ್ದಳು. ‘ಎರಡೂ ಕಾಲು,’ ಅನ್ನುವಳು. ಮರುದಿನ, ‘ಎರಡೂವರೆ.’ ಒಂದು ದಿನ ಮೂರೂ ನಲವತ್ತು ಆಯಿತು, ಇಬ್ಬರಿಗೂ ಖುಷಿಯಾಗಿ ಇನ್ನೊಂದು ಲೋಟ ಕಾಫಿ ಕುಡಿದೆವು. ಮಾರನೇ ದಿನ ಮತ್ತೆ ಎರಡಕ್ಕೆ ಬಿತ್ತು.

‘ಯಾಕೆ ಹಿಂಗಾಗುತ್ತೆ?’ ನಾನು ಅವಳನ್ನೇ ಕೇಳಿದೆ.

‘ನಂಗೇನು ಗೊತ್ತು ರೀ. ನೀವು ಮದ್ವೆಮನೇಲಿ ಊಟಕ್ಕೆ ಕೂತ್ರೂ ಎಲೆ ಮೇಲೆ ಬೆರಳಾಡಿಸ್ತೀರ. ಪಕ್ಕದೋರು ನೋಡಿದ್ರಂತೂ ಇನ್ನೂ ಜಾಸ್ತಿ.’

ನನಗೆ ಕೋಪ ಬಂತು. ಮಾತು ನಿಜವಾದ್ದರಿಂದ ಕೋಪವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಎದ್ದು ಹೋಗಿ ಸ್ನಾನ ಮಾಡಿದೆ.

ಒಂದು ಬುಧವಾರ ಮಧ್ಯಾಹ್ನ ಶೆಡ್ಡಿಗೆ ಬೇಗ ಹೋಗಿದ್ದೆ. ಪಕ್ಕದ ಷಟರ್ ತೆರೆದಿತ್ತು. ನಲವತ್ತೈದರ ಆಸುಪಾಸಿನ ಒಬ್ಬರು ಪ್ರೆಸ್ಸಿನ ಮುಂದೆ ಸ್ಟೂಲು ಹಾಕಿ ಕೂತು ಕೆಲಸ ಮಾಡುತ್ತಿದ್ದರು. ತಗಡು ಒಳಗೆ, ಧಡ್, ಕೈ ಹಿಂದೆ. ತಗಡು ಒಳಗೆ, ಧಡ್, ಕೈ ಹಿಂದೆ. ನಾನು ಹತ್ತು ನಿಮಿಷ ನಿಂತು ನೋಡಿದೆ. ಒಂದು ಸಲವೂ ಅಂತರ ಬದಲಾಗಲಿಲ್ಲ. ಟೀ ಬಂದಾಗ ಅವರು ಮೆಷಿನ್ನು ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. ಲಗ್ಗೆರೆಯವರಂತೆ, ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

‘ಅಣ್ಣ, ಲಯ ಇಷ್ಟು ಸಮ ಹೇಗೆ ಇಡ್ತೀರಾ?’ ಅಂತ ಕೇಳಿದೆ.

ಅವರಿಗೆ ಪ್ರಶ್ನೆಯೇ ವಿಚಿತ್ರವೆನ್ನಿಸಿರಬೇಕು. ‘ನಾನೆಲ್ಲಿ ಇಡ್ತೀನಿ ಸಾರ್? ಇಡೋದು ಮಿಷನ್ನು. ನಾನು ಕೈ ಹಿಂದಕ್ಕೆ ತಗೋತೀನಿ, ಅಷ್ಟೇ.’ ಟೀ ಲೋಟ ಕೆಳಗಿಟ್ಟು ಬೆರಳುಗಳನ್ನು ನನ್ನ ಮುಂದೆ ಹರಡಿ ತೋರಿಸಿದರು. ಹತ್ತೂ ಇದ್ದವು. ‘ತಲೇಲಿ ಬೇರೆ ಏನಾದ್ರೂ ಬಂತೋ, ಕೆಲಸ ನಿಲ್ಸಿ ಎದ್ದೋಗ್ತೀನಿ. ಅದೊಂದೇ ನಾನು ಕಲ್ತಿದ್ದು.’

ಅವತ್ತು ನಾನು ಅವರು ಹೇಳಿದ್ದನ್ನೇ ಮಾಡಲು ನೋಡಿದೆ. ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ನೆನೆಯುತ್ತ ನುಡಿಸಿದೆ. ಎರಡನೇ ನಿಮಿಷದಲ್ಲಿ, ಪರವಾಗಿಲ್ಲವೇ, ಬರುತ್ತಿದೆಯಲ್ಲ ಅಂತ ತಲೆಯಲ್ಲಿ ಬಂತು. ಅದು ಬಂದದ್ದೇ ತಡ, ಕೈ ಹಾರಿತು.

ಆ ಶನಿವಾರ ಹೆಂಡತಿ ತನ್ನ ತಂಗಿಯ ಮನೆಗೆ ಹೋಗಿದ್ದಳು. ಊಟ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡು, ಆ ಜರ್ಮನಿಯ ಆಲ್ಬಮ್ಮನ್ನು ಫೋನಿನಲ್ಲಿ ಮೊದಲಿಂದ ಕೊನೆಯವರೆಗೆ ಕೇಳಿದೆ. ಮೆಚ್ಚಿಕೊಳ್ಳೋಕೆ ಅಲ್ಲ. ನನ್ನ ಕೈಲಾಗದ್ದನ್ನು ಆ ಡ್ರಮ್ಮಿನವನು ಹೇಗೆ ಮಾಡಿದ ಅಂತ ಕಂಡುಹಿಡಿಯೋಕೆ. ಎರಡನೇ ಭಾಗದಲ್ಲಿ ಯಾರೋ ಗೊಣಗುತ್ತಾರೆ, ಬಾಗಿಲು ಎಳೆದಂಥ ಶಬ್ದವಿದೆ, ಅದೆಲ್ಲ ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ ಮೊದಲನೆಯದನ್ನು ಮೂರು ಸಲ ಹಾಕಿದೆ. ಮೂರನೇ ಸಲ, ಆರು ನಿಮಿಷ ದಾಟಿದ ಮೇಲೆ, ಅವನ ಒಂದು ಪೆಟ್ಟು ಕೂದಲೆಳೆಯಷ್ಟು ತಡವಾಗಿ ಬಿದ್ದದ್ದು ಕೇಳಿಸಿತು. ನನ್ನ ಕಿವಿ ಅಂಥದ್ದನ್ನು ಬಿಡುವುದಿಲ್ಲ. ಹಾಗಾದರೆ ಇವನೂ ನನ್ನ ಹಾಗೇ ಮನುಷ್ಯ. ನಾನಾಗಿದ್ದರೆ ಅಲ್ಲಿ ಏನಾದರೂ ಚಮತ್ಕಾರ ಮಾಡಿ ಮುಚ್ಚಿಹಾಕುತ್ತಿದ್ದೆ. ಅವನು ಮುಚ್ಚಲಿಲ್ಲ, ಸರಿ ಮಾಡುವುದಕ್ಕೂ ಹೋಗಲಿಲ್ಲ. ಮುಂದಿನ ಪೆಟ್ಟು ಅದರ ಜಾಗದಲ್ಲಿ ಬಿತ್ತು, ಅದರ ಮುಂದಿನದೂ ಬಿತ್ತು.

ಆಗ ನನಗೆ ಆ ಹುಡುಗಿ ಹದಿನಾರು ವರ್ಷದವಳಾಗಿ ನಮ್ಮ ಮುಂದಿನ ಕೋಣೆಯಲ್ಲಿ ಕೂತಿದ್ದು ನೆನಪಾಯಿತು. ಮೃದಂಗದಲ್ಲಿ ಸರ್ವಲಘು ಅಂತ ಒಂದಿದೆ. ಲೆಕ್ಕಾಚಾರ ಯಾವುದೂ ಇಲ್ಲದೆ ಹಾಡಿನ ಜೊತೆ ಸುಮ್ಮನೆ ನಡೆದುಕೊಂಡು ಹೋಗುವುದು. ಅವಳಿಗೆ ಅದೇ ಇಷ್ಟ. ಮುಕ್ತಾಯ ಕಟ್ಟು ಅಂದರೆ ಕಟ್ಟದೆ, ಅದೇ ನಡೆಯಲ್ಲಿ ಕಣ್ಣು ಮುಚ್ಚಿ ಎಷ್ಟು ಹೊತ್ತಾದರೂ ಇರುತ್ತಿದ್ದಳು. ಒಂದು ದಿನ ಮಿಕ್ಕ ಮಕ್ಕಳ ಮುಂದೆ ಅವಳ ಕೈ ಹಿಡಿದು ನಿಲ್ಲಿಸಿ, ‘ರುಬ್ಬೋ ಕಲ್ಲಿನ ಹಂಗೆ ಅದನ್ನೇ ತಿರುಗಿಸ್ತಾ ಇದೀಯಲ್ಲ, ನಿನ್ನ ಕೈಲಿ ಇದು ಆಗಲ್ಲ ಬಿಡು’ ಅಂದಿದ್ದೆ. ಅದಾಗಿ ಸ್ವಲ್ಪ ದಿನಕ್ಕೇ ಅವಳು ಬರುವುದು ನಿಂತಿತು. ಹದಿನೆಂಟು ವರ್ಷ ನಾನು ಅದನ್ನು ಒಂದು ಸಲವೂ ನೆನೆದಿರಲಿಲ್ಲ.

ಹೆಡ್‌ಫೋನ್ ತೆಗೆದಿಟ್ಟೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಹೆಂಡತಿ ಸೊಪ್ಪು ತೆಗೆದುಕೊಳ್ಳಲು ಹೇಳಿ ಹೋಗಿದ್ದಳು, ಏಳಲಾಗಲಿಲ್ಲ.

ಮಾರನೇ ದಿನ ಶೆಡ್ಡಿನಲ್ಲಿ ಗಿಟಾರಿನವರು ಬರುವ ಮೊದಲೇ ಅವಳಿಗೆ ಹೇಳಿಬಿಟ್ಟೆ. ‘ನೋಡಮ್ಮ, ಆವತ್ತು ನಿನಗೆ ಹಾಗೆ ಅನ್ನಬಾರದಿತ್ತು. ನನ್ನಿಂದ ನೀನು ಪಾಠ ಬಿಟ್ಟೆ.’

ಅವಳು ವೈರು ಸುತ್ತುತ್ತಿದ್ದವಳು ತಲೆಯೆತ್ತಿ ನೋಡಿದಳು. ‘ಯಾವತ್ತು ಸಾರ್?’

ನಾನು ಎಲ್ಲವನ್ನೂ ಹೇಳಿದೆ. ರುಬ್ಬೋ ಕಲ್ಲಿನ ಮಾತೂ ಹೇಳಿದೆ.

‘ಹಂಗಂದಿದ್ರಾ?’ ಅವಳು ನಕ್ಕಳು. ‘ನಂಗೆ ನೆನಪೇ ಇಲ್ಲ ಸಾರ್. ಪಿಯುಸಿ ಟ್ಯೂಶನ್ನು ಅದೇ ಟೈಮಿಗೆ ಇತ್ತು, ಅದಕ್ಕೆ ಬಿಟ್ಟೆ. ಅಮ್ಮ ನಿಮ್ಗೆ ಹೇಳಿರ್ಲಿಲ್ವಾ?’

ಸುಳ್ಳು ಹೇಳುತ್ತಿದ್ದಾಳಾ ಅಂತ ಅವಳ ಮುಖವನ್ನೇ ನೋಡಿದೆ. ಗೊತ್ತಾಗಲಿಲ್ಲ. ಮರೆತಿದ್ದರೆ ನಾನು ಕ್ಷಮೆ ಕೇಳುವುದಕ್ಕೆ ಅರ್ಥವಿಲ್ಲ. ಮರೆಯದೆ ಹೀಗೆ ಹೇಳುತ್ತಿದ್ದರೆ ಅವಳು ಕ್ಷಮೆ ಕೇಳಲು ಬಿಡದೆ ನನ್ನನ್ನು ಅಲ್ಲಿಗೇ ನಿಲ್ಲಿಸಿದ ಹಾಗೆ. ಎರಡರಲ್ಲಿ ಯಾವುದಾಗಿದ್ದರೂ ನಾನು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ವೈರಿನ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟು, ‘ಸ್ವಲ್ಪ ಹಿಡ್ಕೊಳ್ಳಿ ಸಾರ್’ ಅಂದಳು. ಹಿಡಿದುಕೊಂಡೆ.

ರೆಕಾರ್ಡಿಂಗಿನ ದಿನ ಬೆಳಗ್ಗೆ ಒಂಬತ್ತಕ್ಕೆ ಶುರು ಮಾಡಿದವರು ಮಧ್ಯಾಹ್ನ ಎರಡಾದರೂ ಮುಗಿಸಲಿಲ್ಲ. ಹದಿನಾಲ್ಕು ಸಲ ನುಡಿಸಿದೆ. ಅತಿ ಉದ್ದದ್ದು ಐದು ನಿಮಿಷಕ್ಕೆ ಮುರಿಯಿತು. ಗಿಟಾರಿನ ಹುಡುಗರು ಒಳ್ಳೆಯವರು, ಒಂದು ಮಾತೂ ಆಡಲಿಲ್ಲ. ಅವರು ಏನಾದರೂ ಅಂದಿದ್ದರೆ ಎದ್ದು ಹೋಗಲಿಕ್ಕಾದರೂ ಒಂದು ದಾರಿಯಿರುತ್ತಿತ್ತು. ನನ್ನ ಬೆರಳ ತುದಿ ಬಾತುಕೊಂಡಿತ್ತು. ಹುಡುಗಿ ಪಕ್ಕದಲ್ಲಿ ಬಂದು ಕೂತಳು.

‘ಸಾರ್, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಆರನೇ ಟೇಕಲ್ಲಿ ಒಂದು ನಲವತ್ತು ಸೆಕೆಂಡು ತುಂಬಾ ಚೆನ್ನಾಗಿ ಬಂದಿದೆ. ಅದನ್ನೇ ತಗೊಂಡು ಕಂಪ್ಯೂಟರ್ನಲ್ಲಿ ಒಂದರ ಹಿಂದೆ ಒಂದು ಜೋಡಿಸ್ತೀನಿ. ಶಬ್ದ ನಿಮ್ದೇ, ಕೈ ನಿಮ್ದೇ.’

‘ಆಯ್ತಮ್ಮ,’ ಅಂದೆ. ಬೇಡ ಅನ್ನೋಕೆ ನನ್ನ ಹತ್ತಿರ ಬೇರೆ ಏನಿತ್ತು?

ಮೃದಂಗವನ್ನು ಚೀಲಕ್ಕೆ ಹಾಕುವಾಗ ಎಡಗಡೆಗೆ ಹಚ್ಚಿದ್ದ ರವೆ ಒಣಗಿ ಗಟ್ಟಿಯಾಗಿತ್ತು. ಕೆರೆದು ತೆಗೆಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆಟೋದಲ್ಲಿ ಹೆಂಡತಿಗೆ ಫೋನು ಮಾಡಿ ಮುಗಿಯಿತು ಅಂತ ಮಾತ್ರ ಹೇಳಿದೆ.

ಎರಡು ತಿಂಗಳಾದ ಮೇಲೆ ಅವಳು ಹಾಡಿನ ಲಿಂಕು ಕಳಿಸಿದಳು. ಮೃದಂಗ ಅಂತ ಬರೆದು ಪಕ್ಕದಲ್ಲಿ ನನ್ನ ಹೆಸರಿತ್ತು. ಹೆಂಡತಿ, ನಾನು ಸೋಫಾದ ಮೇಲೆ ಕೂತು ಕೇಳಿದೆವು. ಹನ್ನೊಂದು ನಿಮಿಷ. ಎಲ್ಲಿ ಮುಗಿದು ಎಲ್ಲಿ ಮತ್ತೆ ಶುರುವಾಗುತ್ತದೆ ಅಂತ ನನಗೇ ಹಿಡಿಯಲಾಗಲಿಲ್ಲ. ನನ್ನ ನಾದ ಇಷ್ಟು ಚೆನ್ನಾಗಿ ಕೇಳಿಸಿದ್ದು ಬೇರೆಲ್ಲೂ ಇಲ್ಲ. ಹೆಂಡತಿ ಈ ಸಲ ನಗಲಿಲ್ಲ. ‘ಚೆನ್ನಾಗಿದೆ ಕಣ್ರೀ,’ ಅಂದಳು. ‘ಆದ್ರೆ ನೀವೇ ಅಂತ ಅನ್ಸಲ್ಲ.’

ಅದಾದ ವಾರಕ್ಕೆ ನನ್ನ ಗೆಳೆಯನೊಬ್ಬ ಫೋನು ಮಾಡಿದ. ವಿಜಯನಗರದಲ್ಲಿ ಪಿಟೀಲು ಪಾಠ ಮಾಡುವವನು, ಇಪ್ಪತ್ತೈದು ವರ್ಷದಿಂದ ಕಚೇರಿಗಳಲ್ಲಿ ನನ್ನ ಪಕ್ಕ ಕೂತವನು. ಹಾಡು ಹೇಗೋ ಅವನಿಗೂ ತಲುಪಿತ್ತು.

‘ಏನಯ್ಯಾ ಹಿಡಿತ! ಹನ್ನೊಂದು ನಿಮಿಷ ಒಂದು ಚೂರೂ ಅಲ್ಲಾಡಿಲ್ವಲ್ಲ!’

‘ಅದು ನಾನು ನುಡಿಸಿದ್ದಲ್ಲ ಕಣಯ್ಯ,’ ಅಂದೆ. ‘ನಲವತ್ತು ಸೆಕೆಂಡು ಮಾತ್ರ ನಂದು. ಮಿಕ್ಕಿದ್ದೆಲ್ಲ ಕಂಪ್ಯೂಟರು.’

‘ಬಿಡು ಬಿಡು. ದೊಡ್ಡೋರೆಲ್ಲ ಹಿಂಗೇ ಹೇಳೋದು.’

‘ಇಲ್ಲ ಕಣಯ್ಯ, ನಿಜವಾಗ್ಲೂ. ನನ್ನ ಕೈಲಿ ಆಗ್ಲಿಲ್ಲ.’

ಅವನು ಇನ್ನೂ ಜೋರಾಗಿ ನಕ್ಕ. ಶನಿವಾರ ತನ್ನ ಶಿಷ್ಯರೆಲ್ಲ ಸೇರುತ್ತಾರೆ, ಪಿಟೀಲಿನವರಾದರೂ ಲಯ ಎಲ್ಲರಿಗೂ ಬೇಕು, ಬಂದು ಆ ನಡೆಯನ್ನು ಒಂದಿಷ್ಟು ನುಡಿಸಿ ತೋರಿಸು ಅಂದ. ನಾನು ಮೂರು ಸಲ ನಿಜ ಹೇಳಿದೆ. ಮೂರು ಸಲವೂ ಅವನ ಕಣ್ಣಲ್ಲಿ ನಾನು ಇನ್ನಷ್ಟು ದೊಡ್ಡವನಾದೆ. ಕೊನೆಗೆ ಬರ್ತೀನಿ ಅಂದೆ.

ಶನಿವಾರ ವಿಜಯನಗರಕ್ಕೆ ಹೋದೆ. ಒಂಬತ್ತು ಜನ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಹಿಂದೆ ಇಬ್ಬರು ತಾಯಂದಿರೂ ಇದ್ದರು. ನಾನು ಮೊದಲೇ ಹೇಳಿದೆ, ‘ಮಕ್ಕಳೇ, ಇದು ನನಗೆ ಬರಲ್ಲ. ಪ್ರಯತ್ನ ಮಾಡ್ತಾ ಇದೀನಿ, ಅಷ್ಟೇ.’ ಗೆಳೆಯ ಅವರ ಕಡೆ ನೋಡಿ, ‘ಕೇಳಿಸ್ಕೊಂಡ್ರಾ? ವಿನಯ ಅಂದ್ರೆ ಇದು’ ಅಂದ. ಮಕ್ಕಳು ತಲೆಯಾಡಿಸಿದರು.

ಕಣ್ಣು ಮುಚ್ಚಿ ಶುರು ಮಾಡಿದೆ. ಒಂದು ನಿಮಿಷ ಸರಿಯಾಗಿ ನಡೆಯಿತು. ಕಣ್ಣು ಬಿಡಬಾರದು ಅಂದುಕೊಂಡೆ, ಬಿಟ್ಟೆ. ಮುಂದಿನ ಸಾಲಿನಲ್ಲಿ ದಪ್ಪ ಸೋಡಾ ಗ್ಲಾಸಿನ ಕನ್ನಡಕ ಹಾಕಿದ್ದ ಒಬ್ಬಳು ಪುಟ್ಟ ಹುಡುಗಿ ಆಕಳಿಸುತ್ತಿದ್ದಳು. ನನ್ನ ಬಲಗೈ ಎದ್ದು ಒಂದು ಮುಕ್ತಾಯ ನುಡಿಸಿತು, ಚಿಕ್ಕದಲ್ಲ, ಮೂರು ಸುತ್ತಿನದು. ಸಮಕ್ಕೆ ಗುಂಡು ಹೊಡೆದ ಹಾಗೆ ಬಿತ್ತು. ಆ ಹುಡುಗಿಯ ಬಾಯಿ ತೆರೆದಿದ್ದುದು ಹಾಗೇ ನಿಂತಿತು. ತಾಯಂದಿರು ಚಪ್ಪಾಳೆ ತಟ್ಟಿದರು. ಗೆಳೆಯ ತೊಡೆ ತಟ್ಟಿ ‘ಆಹಾ!’ ಅಂದ.

ನಿಲ್ಲಿಸಿ ‘ನೋಡಿದ್ರಾ, ಇದೇ ತಪ್ಪು’ ಅಂತ ಹೇಳಬೇಕಿತ್ತು. ಬಾಯಿ ತೆರೆಯುವುದರೊಳಗೆ ಕೈ ಮುಂದಿನ ಮುಕ್ತಾಯವನ್ನು ಶುರು ಮಾಡಿಬಿಟ್ಟಿತ್ತು.